ಹೈ-ಪವರ್ ಬ್ಲೆಂಡರ್ ಕೊಳ್ಳುವ ಮುನ್ನ ಹಳೆ ಮಿಕ್ಸಿಯನ್ನು ಬಿಚ್ಚಿ ನೋಡಿ

ಎಷ್ಟು ಹೊತ್ತು ತಿರುಗಿಸಿದರೂ ಚಟ್ನಿ ತರಿತರಿ. ಜಾರಿನ ತಳದಲ್ಲಿ ನೀರು ಜಿನುಗುತ್ತದೆ. ಉದ್ದಿನಬೇಳೆ ಹಾಕಿದರೆ ರಬ್ಬರ್ ಸುಟ್ಟ ವಾಸನೆ, ಆಮೇಲೆ ಮಧ್ಯದಲ್ಲೇ ಟ್ರಿಪ್. 500 ಅಥವಾ 750 ವಾಟಿನ ಮಿಕ್ಸಿ ಈ ಸ್ಥಿತಿಗೆ ಬಂದಾಗ ಮನೆಯವರ ಕಣ್ಣು 1400, 1500 ವಾಟಿನ ಬ್ಲೆಂಡರಿನ ಮೇಲೆ ಬೀಳುತ್ತದೆ. ಆದರೆ ಈ ಮೂರು ದೂರುಗಳಿಗೂ ವಾಟಿಗೂ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ. ಮೊದಲನೆಯದು ಬ್ಲೇಡಿನದು. ಎರಡನೆಯದು ಬುಷ್‌ನದು, ಅಂದರೆ ಬ್ಲೇಡ್ ಹೊತ್ತ ಕಡ್ಡಿ (ಶಾಫ್ಟ್) ಒಳಗೆ ತಿರುಗುವ, ಜಾರಿನ ತಳದ ಲೋಹದ ಕೊಳವೆ. ಮೂರನೆಯದು ಕಪ್ಲರ್‌ನದು, ಅಂದರೆ ಮೋಟರಿನ ಓಟವನ್ನು ಜಾರಿಗೆ ದಾಟಿಸುವ ಹಲ್ಲಿನ ಬಿಲ್ಲೆ, ಇಲ್ಲವೇ ಬಿಗಿಯಾದ ಬುಷ್‌ನದು. ಮೂರೂ ಸವೆಯಲೆಂದೇ ಇರುವ ಭಾಗಗಳು, ಬಿಡಿಯಾಗಿ ಸಿಗುತ್ತವೆ. ಇವನ್ನು ಸರಿಮಾಡಿ, ಮಿಕ್ಸಿ ತನ್ನ ಪೂರ್ತಿ ಶಕ್ತಿಯಲ್ಲಿ ಏನು ಮಾಡಬಲ್ಲದು ಎಂದು ತೂಕ ಹಾಕಿ ನೋಡಿದ ಮೇಲೆ ಬ್ಲೆಂಡರಿನ ಮಾತು.

ಬೇಕಾದ ಸಾಮಾನು: ಸ್ಕ್ರೂ ಡ್ರೈವರ್, ಇಕ್ಕಳ, ಸಣ್ಣ ಸ್ಪ್ಯಾನರ್‌ಗಳ ಸೆಟ್, ಮಲ್ಟಿಮೀಟರ್, 600 ನಂಬರಿನ ಉಪ್ಪುಕಾಗದ, ನುಣುಪಾದ ಅರ, ಅಡುಗೆಮನೆಯ ತಕ್ಕಡಿ. ಪ್ಲಗ್‌ಗೆ ಸಿಕ್ಕಿಸುವ ವಾಟ್ ಮೀಟರ್ ಒಂದಿದ್ದರೆ ಊಹಿಸುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಬಿಚ್ಚುವ ಮುಂಚೆ ಖಾಲಿ ಜಾರು ಕೂರಿಸಿ ಮೂರೂ ಸ್ಪೀಡಿನಲ್ಲಿ ಎಷ್ಟು ವಾಟ್ ಎಳೆಯುತ್ತದೆ ಎಂದು ಬರೆದಿಡಿ. ಆಮೇಲೆ ಹೋಲಿಸಲು ಬೇಕು. ಪ್ಲಗ್ ಕಿತ್ತ ಮೇಲೆಯೇ ಮುಂದಿನ ಕೆಲಸ.

ಜಾರು

ಜಾರನ್ನು ಒಂದು ಕೈಯಲ್ಲಿ ಹಿಡಿದು, ಬ್ಲೇಡನ್ನು ದಪ್ಪ ಬಟ್ಟೆಯಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು, ಅಂದರೆ ಅರ್ಧ ಮಿಲಿಮೀಟರಿಗೆ ಮೀರಿ ಓಲಾಡಿದರೆ ಬುಷ್ ಹೋಗಿದೆ. ಇನ್ನೊಂದು ಗುರುತು: ಬಿಳಿ ಚಟ್ನಿಯ ಮಧ್ಯದಲ್ಲಿ ಬೂದು ಬಣ್ಣದ ಗೆರೆ. ಅದು ಬುಷ್ ಮತ್ತು ಶಾಫ್ಟ್ ಸವೆದು ಬಂದ ಲೋಹದ ಪುಡಿ ಮತ್ತು ಹಳೆ ಎಣ್ಣೆ. ಆ ಜಾರನ್ನು ಅವತ್ತಿಂದಲೇ ಬಳಸಬಾರದು.

ಓಲಾಡುವ ಶಾಫ್ಟ್‌ನಿಂದ ಸೋರುವುದಷ್ಟೇ ತೊಂದರೆಯಲ್ಲ. ಬ್ಲೇಡ್ ವಾಲಿ ತಿರುಗುವಾಗ ಮೋಟರಿನ ಶಕ್ತಿಯ ಒಂದು ಪಾಲು ಬುಷ್ ಉಜ್ಜುವುದಕ್ಕೇ ಹೋಗುತ್ತದೆ, ಕಪ್ಲರಿನ ಹಲ್ಲುಗಳು ಓರೆಯಾಗಿ ಕಚ್ಚುತ್ತವೆ. ಬುಷ್ ಹಾಳಾದ ಜಾರು ಆರು ತಿಂಗಳಲ್ಲಿ ಒಳ್ಳೆ ಕಪ್ಲರನ್ನೂ ತಿನ್ನಬಲ್ಲದು. ಹಾಗಾಗಿ ಮೊದಲು ಜಾರು, ಆಮೇಲೆ ಕಪ್ಲರ್. ಈ ಕ್ರಮ ತಿರುಗಿಸಿದರೆ ದುಡ್ಡು ದಂಡ.

ಬಿಚ್ಚುವಾಗ ಹೆಚ್ಚಿನವರು ಎಡವುವುದು ತಿರುಗಿಸುವ ದಿಕ್ಕಿನಲ್ಲಿ. ಹೊರೆ ಬಿದ್ದಾಗ ಥ್ರೆಡ್ ಬಿಗಿಯಾಗಬೇಕೇ ಹೊರತು ಸಡಿಲವಾಗಬಾರದು, ಆ ಲೆಕ್ಕದಲ್ಲೇ ಇವನ್ನು ಮಾಡಿರುತ್ತಾರೆ. ಬ್ಲೇಡಿನ ಹರಿತವಾದ ಅಂಚು ಯಾವ ಕಡೆಗೆ ನುಗ್ಗುವಂತಿದೆ ನೋಡಿ, ಅದು ಮೋಟರ್ ಓಡುವ ದಿಕ್ಕು. ಬ್ಲೇಡಿನ ಮೇಲಿನ ನಟ್ಟು ಮತ್ತು ಮೋಟರಿನ ಮೇಲಿರುವ ಕಪ್ಲರ್, ಇವೆರಡೂ ಓಟದ ದಿಕ್ಕಿಗೇ ತಿರುಗಿಸಿದರೆ ಬಿಚ್ಚಿಕೊಳ್ಳುತ್ತವೆ. ಜಾರಿನ ತಳದ ಕಪ್ಲರ್ ಇದಕ್ಕೆ ಉಲ್ಟಾ: ಬ್ಲೇಡನ್ನು ಬಿಗಿಹಿಡಿದು, ಓಟದ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಜಾರನ್ನು ಬೋರಲು ಹಾಕಿದಾಗ ದಿಕ್ಕು ಅದಲುಬದಲಾಗಿ ಕಾಣುತ್ತದೆ ಎಂಬುದು ನೆನಪಿರಲಿ. ಒಂದು ಹನಿ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದರೆ ಬಲಪ್ರಯೋಗ ಬೇಕಾಗುವುದಿಲ್ಲ. ಸುತ್ತಿಗೆಯಿಂದ ಶಾಫ್ಟಿನ ತುದಿಗೆ ನೇರ ಹೊಡೆದರೆ ತುದಿ ಹರಡಿ ಹಳೆ ಬುಷ್‌ನಿಂದ ಹೊರಗೇ ಬರುವುದಿಲ್ಲ.

ಕಪ್ಲರ್ ತೆಗೆದ ಮೇಲೆ ಶಾಫ್ಟ್ ಬ್ಲೇಡಿನ ಸಮೇತ ಮೇಲಕ್ಕೆ ಬರುತ್ತದೆ. ಶಾಫ್ಟನ್ನು ಒರೆಸಿ ಉಗುರಿನಿಂದ ಉದ್ದಕ್ಕೆ ಗೀಚಿ ನೋಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಗುಳಿ ಬಿದ್ದಿದೆ, ಬರೀ ಬುಷ್ ಹಾಕಿ ಪ್ರಯೋಜನವಿಲ್ಲ. ಬುಷ್, ಶಾಫ್ಟ್, ಬ್ಲೇಡ್ ಒಟ್ಟಿಗೇ ಇರುವ ಸೆಟ್ ಕೊಳ್ಳಿ. ಕೆಲವು ಜಾರುಗಳಲ್ಲಿ ಬುಷ್ ತಳಕ್ಕೆ ದೊಡ್ಡ ನಟ್ಟು ಮತ್ತು ರಬ್ಬರ್ ವಾಷರಿನಿಂದ ಬಿಗಿದಿರುತ್ತದೆ, ಮನೆಯಲ್ಲೇ ಬದಲಾಯಿಸಬಹುದು. ಒತ್ತಿ ಕೂರಿಸಿದ ಬುಷ್ ಆಗಿದ್ದರೆ ಅಂಗಡಿಗೆ ಕೊಡುವುದೇ ಮೇಲು, ಪ್ರೆಸ್ ಇಲ್ಲದೆ ನೆಟ್ಟಗೆ ಕೂರುವುದಿಲ್ಲ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಚಿಕ್ಕಪೇಟೆ ಕಡೆ ಬಿಡಿಭಾಗ ಹುಡುಕುವುದು ಸುಲಭ. ಬೇರೆ ಊರುಗಳಲ್ಲಿ ಕುಕ್ಕರ್ ರಿಪೇರಿಯವರ ಹತ್ತಿರ ಕೇಳಿ. ಎಲ್ಲಿಗೇ ಹೋದರೂ ಹಳೆ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮಾಡೆಲ್ ಹೆಸರು ಹೇಳಿ ತಂದದ್ದು ಕೂರದೇ ಹೋಗುವುದೇ ಹೆಚ್ಚು.

ಹೊಸದು ಕೂರಿಸುವಾಗ ಹಳೆ ರಬ್ಬರ್ ವಾಷರ್ ಮತ್ತೆ ಹಾಕಬೇಡಿ. ಬುಷ್‌ಗೆ ಆಹಾರಕ್ಕೆ ಒಗ್ಗುವ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಹೊಲಿಗೆ ಮೆಷಿನ್ ಎಣ್ಣೆ ಬೇಡ, ಅದು ಚಟ್ನಿಗೆ ಇಳಿಯುತ್ತದೆ. ಬ್ಲೇಡ್ ಜಾರಿನ ತಳದಿಂದ 2-3 ಮಿಲಿಮೀಟರ್ ಮೇಲಿರಲಿ. ಅದಕ್ಕಿಂತ ಎತ್ತರವಾದರೆ ಸ್ವಲ್ಪ ಹಾಕಿದ ಮಸಾಲೆ ಬ್ಲೇಡಿನ ಕೆಳಗೇ ಉಳಿಯುತ್ತದೆ. ಈ ಎತ್ತರವನ್ನು ಬ್ಲೇಡಿನ ಅಡಿಯ ತೆಳು ವಾಷರುಗಳಿಂದ ಹೊಂದಿಸಬೇಕು. ಕಪ್ಲರ್ ಬಿಗಿದ ಮೇಲೆ ಶಾಫ್ಟ್ ಮೇಲೆ-ಕೆಳಗೆ ಕೂದಲೆಳೆಯಷ್ಟು ಆಡಲೇಬೇಕು. ಪೂರ್ತಿ ಬಿಗಿಯಾದರೆ ಬಿಸಿಯೇರಿದಾಗ ಶಾಫ್ಟ್ ಹಿಗ್ಗಿ ಕಚ್ಚಿಕೊಳ್ಳುತ್ತದೆ, ಮೋಟರ್ ಟ್ರಿಪ್ ಆಗುತ್ತದೆ, ತಪ್ಪು ಮೋಟರಿನ ತಲೆಗೆ ಬರುತ್ತದೆ.

ಸೋರಿಕೆ ನೋಡಲು ಎರಡು ಲೋಟ ನೀರು ಹಾಕಿ ಜಾರನ್ನು ಹಳೆ ಪೇಪರಿನ ಮೇಲೆ ಅರ್ಧ ಗಂಟೆ ಇಡಿ. ಒಣಗಿದ್ದರೆ ಒಂದನೇ ಸ್ಪೀಡಿನಲ್ಲಿ 30 ಸೆಕೆಂಡ್ ಓಡಿಸಿ ಮತ್ತೆ ಇಡಿ. ನಿಂತಾಗ ಸೋರದೆ ಓಡಿದ ಮೇಲೆ ಸೋರಿದರೆ ಶಾಫ್ಟ್-ಬುಷ್ ಜೋಡಿ ಸರಿಯಿಲ್ಲ. ಇಷ್ಟೆಲ್ಲ ಮಾಡಿ ರಾತ್ರಿಯಿಡೀ ಜಾರನ್ನು ಸಿಂಕಿನ ನೀರಿನಲ್ಲಿ ನೆನೆಹಾಕಿದರೆ ಹೊಸ ಬುಷ್ ಕೂಡ ಬೇಗ ಹೋಗುತ್ತದೆ. ಬುಷ್‌ನೊಳಗಿನ ಎಣ್ಣೆ ಸೋಪುನೀರಿಗೆ ಬಿಟ್ಟುಕೊಳ್ಳುತ್ತದೆ.

ಬ್ಲೇಡಿನ ವಿಷಯದಲ್ಲಿ ಕಲ್ಲುಪ್ಪು ಹಾಕಿ ತಿರುಗಿಸಿದರೆ ಹರಿತವಾಗುತ್ತದೆ ಎಂಬ ಮಾತಿದೆ. ಉಪ್ಪು ಸ್ಟೀಲಿಗಿಂತ ಮೆದು, ಅಂಟಿದ ಜಿಡ್ಡು ಬಿಡಿಸಬಹುದೇ ಹೊರತು ಅಂಚು ತೀಡಲಾರದು. ಬ್ಲೇಡ್ ಬಿಚ್ಚಿ, ಮೊದಲೇ ಇರುವ ಇಳಿಜಾರಿನ ಕೋನದಲ್ಲೇ ನುಣುಪು ಅರದಿಂದ ಪ್ರತಿ ರೆಕ್ಕೆಗೂ ಸಮನಾಗಿ ಎಂಟು-ಹತ್ತು ಬಾರಿ ಉಜ್ಜಿ. ಒಂದು ಕಡೆ ಜಾಸ್ತಿ ತೆಗೆದರೆ ತೂಕ ತಪ್ಪಿ, ನಿಮಿಷಕ್ಕೆ ಹದಿನೆಂಟು-ಇಪ್ಪತ್ತು ಸಾವಿರ ಸುತ್ತಿನಲ್ಲಿ ಹೊಸ ಬುಷ್ ಅಲ್ಲಾಡತೊಡಗುತ್ತದೆ. ರೆಕ್ಕೆಗಳ ತುದಿ ದುಂಡಾಗಿದ್ದರೆ ತೀಡುವ ಗೋಜು ಬೇಡ, ಬದಲಾಯಿಸಿ.

ಕಪ್ಲರ್, ಕಾರ್ಬನ್, ಕರೆಂಟು

ಮೋಟರ್ ಕಪ್ಲರಿನ ಹಲ್ಲು ಚೌಕವಾಗಿರಬೇಕು. ಇಳಿಜಾರಾಗಿದ್ದರೆ ಹೊರೆ ಬಿದ್ದಾಗ ಜಾರಿನ ಕಪ್ಲರನ್ನು ಮೇಲಕ್ಕೆ ತಳ್ಳಿ ಜಾರಿಹೋಗುತ್ತದೆ. ಟರ್ರ್ ಎಂಬ ಸದ್ದು, ಕರಿ ಪುಡಿ, ರಬ್ಬರ್ ವಾಸನೆ ಇದರದೇ. ಲೋಹದ ಕಪ್ಲರ್ ಹಾಕಿದರೆ ಶಾಶ್ವತ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬ್ಲೇಡ್ ಎಲ್ಲಾದರೂ ಸಿಕ್ಕಿಕೊಂಡಾಗ ಮುರಿಯಬೇಕಾದ್ದು ಅಗ್ಗದ ಕಪ್ಲರ್, ಆರ್ಮೇಚರ್ (ಮೋಟರಿನೊಳಗೆ ತಿರುಗುವ ಸುರುಳಿಯ ಭಾಗ) ಅಲ್ಲ.

ಮೋಟರಿನ ಪೆಟ್ಟಿಗೆ ತಳದ ಸ್ಕ್ರೂಗಳಿಂದ ತೆರೆಯುತ್ತದೆ. ಕೆಲವು ಸ್ಕ್ರೂ ರಬ್ಬರ್ ಪಾದಗಳ ಅಡಿಯಲ್ಲಿರುತ್ತವೆ. ವೈರುಗಳ ಫೋಟೋ ತೆಗೆದುಕೊಂಡೇ ಮುಂದುವರಿಯಿರಿ, ಮೂರು ಸ್ಪೀಡಿನ ಸ್ವಿಚ್ಚಿನಲ್ಲಿ ಎರಡು ವೈರು ಅದಲಾದರೆ ಸ್ಪೀಡುಗಳು ಹಿಂದುಮುಂದಾಗುತ್ತವೆ. ಕಾರ್ಬನ್ ಬ್ರಷ್‌ಗಳನ್ನು, ಅಂದರೆ ಆರ್ಮೇಚರಿಗೆ ಕರೆಂಟು ದಾಟಿಸುವ ಕರಿ ತುಂಡುಗಳನ್ನು, ಹೊರತೆಗೆದು ಅಳೆಯಿರಿ. ಹೊಸದರ ಮೂರನೇ ಒಂದಕ್ಕಿಂತ ಗಿಡ್ಡವಾಗಿದ್ದರೆ ಎರಡನ್ನೂ ಬದಲಾಯಿಸಿ. ಒಂದನ್ನೇ ಬದಲಾಯಿಸುವುದು ಬೇಡ, ಎರಡೂ ಕಡೆಯ ಒತ್ತಡ ಸಮವಿರಬೇಕು. ಕಮ್ಯುಟೇಟರ್ (ಬ್ರಷ್‌ಗಳು ಉಜ್ಜುವ, ಆರ್ಮೇಚರಿನ ತುದಿಯ ತಾಮ್ರದ ಪಟ್ಟಿಗಳ ಉರುಳೆ) ಕಪ್ಪಾಗಿದ್ದರೆ ಐಸ್ ಕಡ್ಡಿಗೆ 600 ನಂಬರಿನ ಉಪ್ಪುಕಾಗದ ಸುತ್ತಿ, ಆರ್ಮೇಚರನ್ನು ಕೈಯಲ್ಲಿ ತಿರುಗಿಸುತ್ತ ಹಗುರವಾಗಿ ಉಜ್ಜಿ. ಕರಿ ಎಮರಿ ಕಾಗದ ಬಳಸಬಾರದು, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡಬಹುದು. ಆಮೇಲೆ ಪಟ್ಟಿಗಳ ನಡುವಿನ ಸಂದುಗಳನ್ನು ಹಲ್ಲುಜ್ಜುವ ಹಳೆ ಬ್ರಷ್‌ನಿಂದ ಚೊಕ್ಕ ಮಾಡಿ. ಹೊಸ ಕಾರ್ಬನ್ ಕಮ್ಯುಟೇಟರಿನ ಬಾಗಿಗೆ ಹೊಂದಿಕೊಳ್ಳುವವರೆಗೆ, ಒಂದನೇ ಸ್ಪೀಡಿನಲ್ಲಿ ಖಾಲಿಯಾಗಿ ಎರಡು-ಮೂರು ನಿಮಿಷ ಓಡಿಸಬೇಕು. ಹೊಸದರಲ್ಲೇ ಉದ್ದು ರುಬ್ಬಲು ಹೊರಟರೆ ಬ್ರಷ್‌ನ ಅಂಚು ಮಾತ್ರ ಹೊರೆ ಹೊತ್ತು ಸುಡುತ್ತದೆ.

ಗಾಳಿಕಿಂಡಿಯಲ್ಲಿ ಕಾಣುವ ಸಣ್ಣ ನೀಲಿ ಕಿಡಿ ಸಹಜ. ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆ ಎದ್ದರೆ ಆರ್ಮೇಚರ್ ಸುರುಳಿ ಶಾರ್ಟ್ ಆಗಿದೆ. ಮಲ್ಟಿಮೀಟರಿನಲ್ಲಿ ಅಕ್ಕಪಕ್ಕದ ಪಟ್ಟಿಗಳ ನಡುವಿನ ರೆಸಿಸ್ಟೆನ್ಸ್ ಸುತ್ತಲೂ ಒಂದೇ ತೆರನಾಗಿ ಇರಬೇಕು, ಒಂದು ಕಡೆ ಮಾತ್ರ ಬೇರೆಯಾಗಿದ್ದರೆ ಅಲ್ಲೇ ತೊಂದರೆ. ಪಟ್ಟಿಗೂ ಶಾಫ್ಟಿಗೂ ನಡುವೆ ಏನೂ ತೋರಿಸಬಾರದು, ತೋರಿಸಿದರೆ ಶಾಕ್ ಹೊಡೆಯುವ ಮಿಕ್ಸಿ ಅದು. ಆರ್ಮೇಚರ್ ಹೋಗಿದ್ದರೆ ಮಾತ್ರ ರಿಪೇರಿಯ ಲೆಕ್ಕ ಹಾಕಿ ನೋಡಬೇಕು. ಆರ್ಮೇಚರ್, ಬೇರಿಂಗ್, ಕೂಲಿ ಸೇರಿ ಹೊಸ ಮಿಕ್ಸಿಯ ಅರ್ಧ ಬೆಲೆ ದಾಟಿದರೆ ಕೈಬಿಡಿ. ತಳದ ಕೆಂಪು ಗುಂಡಿ, ಅಂದರೆ ಓವರ್‌ಲೋಡ್ ಸ್ವಿಚ್, ಪದೇ ಪದೇ ಹಾರುತ್ತದೆಂದು ಅದನ್ನು ವೈರಿನಿಂದ ಜೋಡಿಸಿ ಬೈಪಾಸ್ ಮಾಡುವವರಿದ್ದಾರೆ. ಮುಂದಿನ ಸಲ ಹಾರುವುದು ಆರ್ಮೇಚರ್.

ಇನ್ನು ಕರೆಂಟು. ಮಿಕ್ಸಿಯೊಳಗಿರುವುದು ಸೀರೀಸ್ ಮೋಟರ್. ಒಂದೇ ವೇಗದಲ್ಲಿ ಅದರ ತಿರುಚುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ ಸಂಜೆ 190 ವೋಲ್ಟ್ ಬಂದರೆ ಬಲ 0.68 ಪಾಲಿಗೆ ಇಳಿಯಿತು, ಅಂದರೆ ಸುಮಾರು ಮೂರನೇ ಒಂದು ಭಾಗ ಹೋಯಿತು. ಬೆಳಿಗ್ಗೆ ಚೆನ್ನಾಗಿ ರುಬ್ಬುವ ಮಿಕ್ಸಿ ಸಂಜೆ ಸೋಲುತ್ತದೆ ಎನ್ನುವ ಮನೆಗಳಲ್ಲಿ ಮಿಕ್ಸಿ ಓಡುತ್ತಿರುವಾಗಲೇ ವೋಲ್ಟೇಜ್ ನೋಡಿ. ತೆರೆದ ಸಾಕೆಟ್ಟಿಗೆ ಮೀಟರಿನ ಕಡ್ಡಿ ತುರುಕುವ ಬದಲು ಪ್ಲಗ್‌ನ ವಾಟ್ ಮೀಟರಿನಲ್ಲೇ ನೋಡುವುದು ಕ್ಷೇಮ. ಕರೆಂಟಿನದೇ ಕೊರತೆ ಎಂದಾದರೆ ಹೊಸ ಬ್ಲೆಂಡರಿಗೂ ಇದೇ ಗತಿ.

ಹೊರೆ ಹಾಕಿ ನೋಡುವುದು

ಬಾಯಿಮಾತಿನಲ್ಲಿ ನುಣ್ಣಗಾಯಿತು, ಆಗಲಿಲ್ಲ ಎಂದರೆ ಹೋಲಿಕೆಗೆ ಬಾರದು. ತೂಕ ಮತ್ತು ಹೊತ್ತು ಬರೆದಿಟ್ಟು ಮೂರು ಸಾಮಾನು ಹಾಕಿ ನೋಡಿ.

ಚಟ್ನಿಗೆ: 25 ಗ್ರಾಂ ಹುರಿಗಡಲೆ, ನಾಲ್ಕು ಹಸಿಮೆಣಸು, ಉಪ್ಪು ಸಣ್ಣ ಜಾರಿನಲ್ಲಿ ಮೊದಲು ಒಣಗಿಯೇ 10 ಸೆಕೆಂಡ್. ಆಮೇಲೆ 100 ಗ್ರಾಂ ತೆಂಗಿನ ತುರಿ ಹಾಕಿ 20 ಸೆಕೆಂಡ್. ಕೊನೆಗೆ 80 ಮಿಲಿ ನೀರು, ಒಂದು ನಿಮಿಷ. ನೀರನ್ನು ಮೊದಲೇ ಸುರಿದರೆ ತುರಿ ತೇಲಿ ಬ್ಲೇಡಿನಿಂದ ತಪ್ಪಿಸಿಕೊಳ್ಳುತ್ತದೆ, ಯಾವ ವಾಟಿಗೂ ಸಿಗದು. ಒಂದು ಚಮಚ ತೆಗೆದು ಬಸಿ ಮೇಲೆ ಹರಡಿ ಬೆರಳಾಡಿಸಿ, ಕಡಲೆಯ ಕಾಳು ಸಿಗಬಾರದು.

ಪುಡಿಗೆ: ಹುರಿದು ಪೂರ್ತಿ ಆರಿದ 50 ಗ್ರಾಂ ಧನಿಯ, 20 ಗ್ರಾಂ ಬ್ಯಾಡಗಿ ಮೆಣಸಿನಕಾಯಿ. 20 ಸೆಕೆಂಡಿನಂತೆ ನಿಲ್ಲಿಸಿ ನಿಲ್ಲಿಸಿ ಮೂರು ಬಾರಿ. ಟೀ ಜರಡಿಯಲ್ಲಿ ಜರಡಿ ಹಿಡಿದು ಮೇಲೆ ಉಳಿದದ್ದನ್ನು ತೂಗಿ ಬರೆದಿಡಿ. ರಿಪೇರಿಗೆ ಮುಂಚಿನ ತೂಕವೂ ಇದ್ದರೆ ಬ್ಲೇಡ್ ಎಷ್ಟು ಸುಧಾರಿಸಿತು ಎಂದು ಗೊತ್ತಾಗುತ್ತದೆ. ಮೆಣಸಿನಕಾಯಿ ಬಿಸಿಯಿರುವಾಗ ಹಾಕಿದರೆ ಮೆತ್ತಗಾಗಿ ಸಿಪ್ಪೆ ಸುತ್ತಿಕೊಳ್ಳುತ್ತದೆ, ಅದನ್ನು ಮಿಕ್ಸಿಯ ದೋಷ ಎಂದು ಎಣಿಸಬೇಡಿ.

ಮೂರನೆಯದು ಹುರಿದು ಸಿಪ್ಪೆ ತೆಗೆದ 200 ಗ್ರಾಂ ಕಡಲೆಕಾಯಿ ಬೀಜ, ಎಣ್ಣೆಯಿಲ್ಲದೆ ಬೆಣ್ಣೆಯಾಗುವವರೆಗೆ. ಮೊದಲು ಪುಡಿ, ಆಮೇಲೆ ಜಾರಿನ ಗೋಡೆಗೆ ಅಂಟುವ ಉಂಡೆ, ಕೊನೆಗೆ ಬಿಸಿಗೆ ಎಣ್ಣೆ ಬಿಟ್ಟು ಹರಿಯುವ ಬೆಣ್ಣೆ. 30 ಸೆಕೆಂಡ್ ಓಡಿಸುವುದು, ಕೆರೆಯುವುದು, ಮತ್ತೆ ಓಡಿಸುವುದು. ಹಲವು ಮಿಕ್ಸಿಗಳ ತಳದ ಪಟ್ಟಿಯಲ್ಲಿ 5 ನಿಮಿಷ ಓಟ, 2 ನಿಮಿಷ ಬಿಡುವು ಎಂದು ಬರೆದಿರುತ್ತದೆ. ಆ ಬಿಡುವನ್ನು ಕೊಟ್ಟೇ ಮಾಡಿ. ರಿಪೇರಿಯಾದ 750 ವಾಟಿನ ಮಿಕ್ಸಿ ಇದನ್ನು ದಾಟಬೇಕು. ದಾಟದೆ ಟ್ರಿಪ್ ಆದರೆ ಬುಷ್ ಬಿಗಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿ.

ಹಾಗಾದರೆ ಬ್ಲೆಂಡರ್ ಯಾತಕ್ಕೆ?

ವಿದೇಶದ ಗಾಜಿನ ಜಾರಿನ ಬ್ಲೆಂಡರುಗಳು ಹಣ್ಣಿನ ರಸಕ್ಕೆ, ಸೂಪಿಗೆ ಹುಟ್ಟಿದವು. ಅಂಥದೊಂದು ಜರ್ಮನಿಯ ಯಂತ್ರ ನಮ್ಮ ಅಡುಗೆಯ ಹೊರೆಗೆ ಸುಟ್ಟುಹೋದ ಮೇಲೆ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ರೂಪಿಸಿದ ಸುಮೀತ್ ಮಿಕ್ಸಿಯಿಂದ ನಮ್ಮ ಮಿಕ್ಸಿಯ ಚಹರೆ ನಿಂತಿತು: ಬಲವಾದ ಮೋಟರ್, ಸ್ಟೀಲ್ ಜಾರು, ಒಣ ಪುಡಿಗೂ ಹಸಿ ಮಸಾಲೆಗೂ ಒಗ್ಗುವ ಬ್ಲೇಡು. ಇವತ್ತಿನ ಹೈ-ಪವರ್ ಬ್ಲೆಂಡರ್ ಈ ಮಿಕ್ಸಿಯ ಅಣ್ಣನಲ್ಲ, ಬೇರೆ ಕೆಲಸದ ಯಂತ್ರ. ಅಮೆರಿಕದ ವೈಟಾಮಿಕ್ಸ್ ಕಂಪನಿಯಂಥವರ ಬ್ಲೆಂಡರುಗಳಲ್ಲಿ ಬ್ಲೇಡು ಹರಿತವೇ ಇರುವುದಿಲ್ಲ. ವೇಗದ ಹೊಡೆತದಿಂದ ಒಡೆಯುತ್ತದೆ, ಎತ್ತರದ ಜಾರಿನಲ್ಲಿ ಸುಳಿ ಎಬ್ಬಿಸಿ ಸಾಮಾನನ್ನು ಮತ್ತೆ ಮತ್ತೆ ಬ್ಲೇಡಿಗೆ ತರುತ್ತದೆ. ಸುಳಿ ಏಳಬೇಕಾದರೆ ದ್ರವ ಬೇಕು, ಸಾಕಷ್ಟು ಪ್ರಮಾಣವೂ ಬೇಕು. ಎರಡು ಲೀಟರಿನ ಜಾರಿಗೆ 100 ಗ್ರಾಂ ತೆಂಗಿನ ತುರಿ ಹಾಕಿದರೆ ಅದು ಗೋಡೆಗೆ ಹಾರಿ ಕೂರುತ್ತದೆ, ಬ್ಲೇಡ್ ಗಾಳಿಯ ಗುಳ್ಳೆಯಲ್ಲಿ ಸುಮ್ಮನೆ ತಿರುಗುತ್ತದೆ. ನಾಲ್ಕು ಜನರ ಚಟ್ನಿಗೆ, ಹುಳಿಯ ಮಸಾಲೆಗೆ ಈ ಜಾರು ಬೇಡವೇ ಬೇಡ.

ಗೆಲ್ಲುವುದು ಎಲ್ಲೆಂದರೆ: ಗಟ್ಟಿ ಐಸ್, ಫ್ರೀಜರಿನಿಂದ ತೆಗೆದ ಮಾವಿನ ತುಂಡು, ಸೊಪ್ಪು-ಹಣ್ಣಿನ ಸ್ಮೂದಿ, ಸೋಸದೇ ಕುಡಿಯುವ ಬಾದಾಮಿ ಹಾಲು, ಒಂದೂವರೆ ಲೀಟರ್ ಸೂಪು ಒಂದೇ ಏಟಿಗೆ. ಜ್ಯೂಸ್ ಅಂಗಡಿಗೆ ಅಥವಾ ದಿನಾ ಬೆಳಿಗ್ಗೆ ಮನೆಮಂದಿಗೆಲ್ಲ ಸ್ಮೂದಿ ಮಾಡುವವರಿಗೆ ಇದು ದುಡ್ಡಿಗೆ ತಕ್ಕ ಯಂತ್ರ. ವಾರಕ್ಕೊಮ್ಮೆ ಮಿಲ್ಕ್‌ಶೇಕ್‌ಗೆ ಅಲ್ಲ.

ದೋಸೆ ಹಿಟ್ಟಿಗೆ ಹೆಚ್ಚು ವಾಟ್ ಒಳ್ಳೆಯದೆಂಬ ನಂಬಿಕೆ ಇದೆ. ಲೆಕ್ಕ ನೋಡಿ. 750 ವಾಟಿನಂತೆ 5 ನಿಮಿಷ ಓಡಿದರೆ 2,25,000 ಜೌಲ್. ಅರ್ಧ ಮಾತ್ರ ಹಿಟ್ಟಿಗೆ ಇಳಿಯಿತು ಎಂದುಕೊಂಡರೂ 1,12,500. ಒಂದು ಕೆ.ಜಿ. ಹಿಟ್ಟನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 3,500 ಜೌಲ್ ಸಾಕು. ಅಂದರೆ 32 ಡಿಗ್ರಿ ಏರಿಕೆ, 28ರಲ್ಲಿದ್ದ ಹಿಟ್ಟು 60ಕ್ಕೆ. ಮಿಕ್ಸಿ ಯಾವಾಗಲೂ ಪೂರ್ತಿ ವಾಟ್ ಎಳೆಯುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇದಕ್ಕಿಂತ ಕಡಿಮೆ. ಆದರೂ ಹಿಟ್ಟು ಬಿಸಿಯಾಗಿ ಹುದುಗು ಕೆಡುವುದು ಇದರಿಂದಲೇ. 1500 ವಾಟ್ ಎಂದರೆ ಅದೇ ಹೊತ್ತಿಗೆ ಎರಡು ಪಟ್ಟು ಶಾಖ. ಕೆಲವು ಬ್ಲೆಂಡರುಗಳು ಒಲೆಯಿಲ್ಲದೆ ಸೂಪು ಬಿಸಿ ಮಾಡುತ್ತವೆ ಎಂದು ಹೊಗಳಿಸಿಕೊಳ್ಳುವುದು ಇದೇ ಗುಣಕ್ಕೆ. ಉದ್ದಿಗೆ ಗ್ರೈಂಡರೇ ಸರಿ. ಮಿಕ್ಸಿಯಲ್ಲೇ ಆಗಬೇಕಾದರೆ ಫ್ರಿಜ್ಜಿನ ನೀರು, ಅರ್ಧ ಜಾರು, ಒಂದೊಂದು ನಿಮಿಷದ ಓಟ. ಇನ್ನು ಮುಚ್ಚಳ ಬಿಗಿಯಾಗಿ ತಿರುಪುವ ಸಣ್ಣ ಬುಲೆಟ್ ಜಾರುಗಳಿಗೆ ಬಿಸಿ ಸಾರು, ಬಿಸಿ ಟೊಮೇಟೊ ಹಾಕಲೇಬೇಡಿ. ಒಳಗಿನ ಹಬೆಗೆ ದಾರಿಯಿಲ್ಲ, ತೆರೆಯುವಾಗ ಮುಖಕ್ಕೆ ಸಿಡಿಯುತ್ತದೆ.

ಕೊಳ್ಳುವುದೇ ಎಂದಾದರೆ

ಡಬ್ಬದ ಮೇಲಿನ ಪೀಕ್ ಎಚ್‌ಪಿ, ಅಂದರೆ ಗರಿಷ್ಠ ಅಶ್ವಶಕ್ತಿ, ನಂಬಬೇಡಿ. ಒಂದು ಎಚ್‌ಪಿ 746 ವಾಟ್, 3 ಎಚ್‌ಪಿ ಎಂದರೆ 2238. ಅಮೆರಿಕದ ಅಡುಗೆಮನೆಯ 120 ವೋಲ್ಟ್, 15 ಆಂಪಿಯರ್ ಲೈನು ಕೊಡಬಲ್ಲದ್ದೇ 1800 ವಾಟ್. ಅಲ್ಲಿ ಮಾರುವ 3 ಎಚ್‌ಪಿ ಬ್ಲೆಂಡರ್ ಹೊತ್ತುಗಟ್ಟಲೆ ಅಷ್ಟು ಶಕ್ತಿ ಕೊಡಲು ಸಾಧ್ಯವೇ ಇಲ್ಲ, ಅದು ಕ್ಷಣಮಾತ್ರದ ಅಂಕಿ. ತಳದ ಪಟ್ಟಿಯಲ್ಲಿರುವ ವಾಟ್ ಮತ್ತು ಎಷ್ಟು ನಿಮಿಷದ ಓಟ ಎಂಬುದನ್ನು ಮಾತ್ರ ಓದಿ.

ಅಮೆರಿಕದಲ್ಲಿರುವ ಮಕ್ಕಳು, ನೆಂಟರು ಊರಿಗೆ ಬರುವಾಗ ಹೊತ್ತು ತರುವ ಬ್ಲೆಂಡರ್ 120 ವೋಲ್ಟಿನದು. 230ಕ್ಕೆ ನೇರ ಸಿಕ್ಕಿಸಿದರೆ ಆ ಕ್ಷಣವೇ ಮುಗಿಯಿತು. 1400 ವಾಟಿನದಕ್ಕೆ ವೋಲ್ಟೇಜ್ ಇಳಿಸುವ ಕನಿಷ್ಠ 2000 ವಿಎ (ವೋಲ್ಟ್-ಆಂಪಿಯರ್) ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದು ಬ್ಲೆಂಡರಿಗಿಂತ ಭಾರ, ಕಟ್ಟೆಯ ಮೇಲೆ ಜಾಗವನ್ನೂ ತಿನ್ನುತ್ತದೆ. ಆ ಉಡುಗೊರೆ ಬೇಡವೆನ್ನುವುದೇ ಲೇಸು.

ಜಾರಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಬ್ಲೇಡು-ಬೇರಿಂಗ್ ಭಾಗ ಬಿಡಿಯಾಗಿ ಸಿಗುತ್ತದೆಯೇ, ಬೆಲೆ ಎಷ್ಟು? ಹೆಚ್ಚಿನ ಬ್ಲೆಂಡರುಗಳಲ್ಲಿ ಅದು ಮುಚ್ಚಿದ ಒಂದೇ ತುಂಡು, ಮಿಕ್ಸಿಯ ಬುಷ್‌ನಂತೆ ಬೀದಿ ಅಂಗಡಿಯಲ್ಲಿ ಬದಲಾಯಿಸಲಾಗದು. ಮೋಟರಿಗೆ ಐದು ವರ್ಷ ಗ್ಯಾರಂಟಿ ಕೊಟ್ಟು ಜಾರಿಗೆ ಒಂದೇ ವರ್ಷ ಕೊಟ್ಟಿದ್ದರೆ, ಮೊದಲು ಹೋಗುವುದು ಯಾವುದು ಎಂದು ಅವರಿಗೂ ಗೊತ್ತು. ಪ್ಲಾಸ್ಟಿಕ್ ಜಾರಿನಲ್ಲಿ ಧನಿಯ, ಅರಿಸಿನ ಒಣಗಿಯೇ ಪುಡಿ ಮಾಡಿದರೆ ಗೋಡೆ ಗೀರಿ ಮಬ್ಬಾಗುತ್ತದೆ, ಹಳದಿ ಬಣ್ಣ ಹೋಗುವುದಿಲ್ಲ. ಪುಡಿಗೆ ಹಳೆ ಸ್ಟೀಲ್ ಜಾರೇ ಇರಲಿ.

ಕೊನೆಗೆ ಗೋಡೆಯ ಸಾಕೆಟ್. 750 ವಾಟಿಗೆ 3.3 ಆಂಪಿಯರ್ ಸಾಕು, ಸಣ್ಣ 6 ಆಂಪಿಯರ್ ಸಾಕೆಟ್ ತಡೆಯುತ್ತದೆ. 1500 ವಾಟಿಗೆ 6.5 ಆಂಪಿಯರ್ ಬೇಕು. ಅದಕ್ಕೆ ಫ್ರಿಜ್ಜು, ಗೀಸರಿಗೆ ಹಾಕುವಂಥ 16 ಆಂಪಿಯರ್ ಸಾಕೆಟ್ಟೇ ಆಗಬೇಕು, ಅಲ್ಲಿಗೆ ತಕ್ಕ ದಪ್ಪ ವೈರೂ ಬಂದಿರಬೇಕು. ದೊಡ್ಡ ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಸಣ್ಣ ಸಾಕೆಟ್ಟಿಗೆ ಸಿಕ್ಕಿಸಿದರೆ ಬ್ಲೆಂಡರ್ ಓಡುತ್ತದೆ, ಸಾಕೆಟ್ಟು ಮಾತ್ರ ಬಿಸಿಯೇರಿ ಅದರ ಪ್ಲಾಸ್ಟಿಕ್ ಕರಗತೊಡಗಬಹುದು. ಕಟ್ಟೆಯ ಹತ್ತಿರ 16 ಆಂಪಿಯರ್ ಪಾಯಿಂಟ್ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೂಲಿ ಮತ್ತು ವೈರಿನ ಖರ್ಚನ್ನೂ ಬ್ಲೆಂಡರಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ. ಮನೆಗೆ ಬಂದ ಮೇಲೆ ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಅದೇ ಕಡಲೆಕಾಯಿ ಬೀಜವನ್ನು, ಈ ಸಲ ಅರ್ಧ ಕೆ.ಜಿ., ಅದರ ಒತ್ತುಕೋಲಿನ (ಸಾಮಾನನ್ನು ಬ್ಲೇಡಿನತ್ತ ತಳ್ಳುವ ಕೋಲು) ಸಮೇತ ಓಡಿಸಿ ನೋಡಿ. ಬೆಣ್ಣೆಯಾಗುವ ಮುನ್ನವೇ ಮೋಟರ್ ನಿಂತರೆ ಡಬ್ಬ ಕಟ್ಟಿ ಕಳಿಸಿಬಿಡಿ.